ಬೇಸ್ ಗಿಟಾರ್ ನುಡಿಸಿ ಬದುಕುವವನಿಗೆ ಪಂಕ್ ಸಂಗೀತದಲ್ಲಿ ಕೆಲಸವಿದೆಯೇ?

ನಾಲ್ಕನೇ ತಂತಿ, ಬೆಂಗಳೂರು

ನಾನು ಬೇಸ್ ಗಿಟಾರ್ (ತಗ್ಗಿನ ಸ್ವರಗಳ, ದಪ್ಪ ತಂತಿಗಳ ಗಿಟಾರ್) ನುಡಿಸಿಯೇ ಮನೆಬಾಡಿಗೆ ಕಟ್ಟುವವನು. ಗಣೇಶೋತ್ಸವ ಮತ್ತು ರಾಜ್ಯೋತ್ಸವದ ರಸಮಂಜರಿಗಳು, ಮದುವೆಯ ಆರತಕ್ಷತೆಗಳು, ವಾರಾಂತ್ಯದಲ್ಲಿ ಪಬ್ಬುಗಳಲ್ಲಿ ಬೇರೆಯವರ ಹಾಡುಗಳು, ಇವೇ ನನ್ನ ಆದಾಯ. ನಮ್ಮ ಕಸುಬು ಪಂಚಾಂಗ ನೋಡಿಕೊಂಡು ನಡೆಯುತ್ತದೆ ಎಂದರೆ ಹಲವರು ನಂಬುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಗಣಪತಿಯ ಗದ್ದಲ ಮುಗಿಯುತ್ತಿದ್ದಂತೆ ಪಿತೃಪಕ್ಷ ಬರುತ್ತದೆ, ನವೆಂಬರ್ ತಿಂಗಳಿನಲ್ಲಿ ಒಂದೇ ಸಂಜೆಗೆ ಎರಡು ಮೂರು ಕಡೆಯಿಂದ ಕರೆ ಬರುತ್ತದೆ, ಧನುರ್ಮಾಸದಲ್ಲಿ ಮತ್ತೆ ಕೈ ಖಾಲಿ. ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂದರೆ ಇದ್ದಬದ್ದ ತಾಲ್ಲೂಕು ಉತ್ಸವಗಳೂ ಮುಂದಕ್ಕೆ ಹೋಗುತ್ತವೆ.

ಈಗ ಪ್ರಶ್ನೆಗೆ ಬರುತ್ತೇನೆ. ಕಮ್ಮನಹಳ್ಳಿಯ ಅಭ್ಯಾಸ ಕೊಠಡಿಯೊಂದರಲ್ಲಿ ಪರಿಚಯವಾದ ಕೆಲವು ಕಾಲೇಜು ಹುಡುಗರು ಮತ್ತು ಒಬ್ಬ ಗಾಯಕಿ ಸೇರಿ ಪಂಕ್, ಅಂದರೆ ಎಪ್ಪತ್ತರ ದಶಕದಲ್ಲಿ ಹುಟ್ಟಿದ ಒರಟು, ವೇಗದ ರಾಕ್ ಸಂಗೀತ ನುಡಿಸುವ ತಂಡ ಕಟ್ಟಿದ್ದಾರೆ. ಹಾಡುಗಳು ಅವರವೇ, ಹೆಚ್ಚಿನವು ಕನ್ನಡದಲ್ಲಿವೆ, ಯಾವುದೂ ಎರಡೂವರೆ ನಿಮಿಷ ಮೀರುವುದಿಲ್ಲ. ಬೇಸ್ ನುಡಿಸಲು ನನ್ನನ್ನು ಕರೆದಿದ್ದಾರೆ. ಸಂಭಾವನೆಯಂತೂ ಇಲ್ಲ, ಕೊಠಡಿಯ ಬಾಡಿಗೆಯಲ್ಲಿ ನಾನೂ ಪಾಲು ಕೊಡಬೇಕು. ಹಣದ ಮಾತೆತ್ತಿದಾಗ ಅವರಲ್ಲೊಬ್ಬನು, ಪಂಕ್ ಎಂದರೆ ದುಡ್ಡಿಗಾಗಿ ನುಡಿಸುವುದಲ್ಲ ಎಂದು ನನಗೇ ಬುದ್ಧಿ ಹೇಳಿದನು. ಇತ್ತ ನನ್ನ ಜೊತೆ ರಸಮಂಜರಿಯಲ್ಲಿ ನುಡಿಸುವ ಹಿರಿಯರೊಬ್ಬರು, ಆ ಸಂಗೀತದಲ್ಲಿ ಬೇಸ್‌ಗೆ ಕೆಲಸವೇ ಇಲ್ಲ, ಗಿಟಾರಿನವನು ಒತ್ತಿದ ಸ್ವರವನ್ನೇ ಒತ್ತಿಕೊಂಡು ನಿಂತಿರಬೇಕು ಎನ್ನುತ್ತಾರೆ. ಇಬ್ಬರ ಮಾತೂ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಪಂಕ್‌ನಲ್ಲಿ ಬೇಸ್ ವಾದಕನಿಗೆ ನಿಜವಾದ ಕೆಲಸವಿದೆಯೇ? ಇದರಿಂದಲೇ ಹೊಟ್ಟೆ ಹೊರೆಯುವವನು ತತ್ತ್ವದ ಹೆಸರಿನಲ್ಲಿ ಬಿಟ್ಟಿಯಾಗಿ ನುಡಿಸಬೇಕೇ? ತಿಳಿದವರು ಹೇಳಬೇಕು.

ಲೋಹಪ್ರೇಮಿ

ನಿಮ್ಮ ಹಿರಿಯರು ಹೇಳಿದ್ದು ಸರಿಯಾಗಿಯೇ ಇದೆ. ವಾದ್ಯ ಕಲಿಯುವ ತಾಳ್ಮೆಯಿಲ್ಲದವರು ತಮ್ಮ ಸೋಮಾರಿತನವನ್ನೇ ಸಿದ್ಧಾಂತ ಮಾಡಿಕೊಂಡು ಅದಕ್ಕೆ ಪಂಕ್ ಎಂದು ಹೆಸರಿಟ್ಟರು. ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಷಸ್ ಲೋಕಪ್ರಸಿದ್ಧ ಬೇಸ್ ವಾದಕ. ಆದರೆ 1977ರಲ್ಲಿ ಬಂದ ಅವರ ಆಲ್ಬಮ್ಮಿನಲ್ಲಿ ಬೇಸ್‌ನ ಬಹುಪಾಲನ್ನು ನುಡಿಸಿದವನು ಗಿಟಾರ್ ವಾದಕ ಸ್ಟೀವ್ ಜೋನ್ಸ್. ಬೇಸ್ ವಾದಕನಿಲ್ಲದೆಯೇ ಬೇಸ್ ಮುಗಿದುಹೋಗುವ ಸಂಗೀತಕ್ಕೆ ನೀವು ಕೈಯಿಂದ ಬಾಡಿಗೆ ಕೊಟ್ಟು ಏಕೆ ಹೋಗಬೇಕು?

ಹಳೆಯ ಡ್ರಮ್ಮರ್, ಮೈಸೂರು

ಲೋಹಪ್ರೇಮಿಯವರೇ, ಅರ್ಧ ಕಥೆ ಹೇಳಿ ಪೂರ್ತಿ ತೀರ್ಪು ಕೊಡಬೇಡಿ. ಸಿಡ್ ಬರುವ ಮುನ್ನ ಆ ತಂಡದಲ್ಲಿ ಗ್ಲೆನ್ ಮ್ಯಾಟ್ಲಾಕ್ ಎಂಬ ಬೇಸ್ ವಾದಕನಿದ್ದನು, 1977ರ ಫೆಬ್ರವರಿಯಲ್ಲಿ ಹೊರಬಿದ್ದನು. ನೀವು ಹೇಳುವ ಆಲ್ಬಮ್ಮಿನ ಬಹುಪಾಲು ಹಾಡುಗಳ ರಚನೆಯಲ್ಲಿ ಅವನ ಹೆಸರಿದೆ. ಅಂದರೆ ಅಲ್ಲಿ ಹಾಡು ಕಟ್ಟುವುದನ್ನು ಬಲ್ಲ ಬೇಸ್ ವಾದಕನೊಬ್ಬ ಹೋದನು, ನೋಡಲು ಪಂಕ್‌ನಂತಿದ್ದ ಇನ್ನೊಬ್ಬನು ಆ ಜಾಗಕ್ಕೆ ಬಂದನು. ಅದು ಒಂದು ತಂಡದ ಅವಿವೇಕವೇ ಹೊರತು ಸಂಗೀತಪ್ರಕಾರದ ಲಕ್ಷಣವಲ್ಲ.

ನುಡಿಸಲು ಬಾರದವರ ಆಶ್ರಯ ಎನ್ನುವುದಾದರೆ ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ತಂಡವನ್ನು ಎಲ್ಲಿಡುತ್ತೀರಿ? ಆ ನಾಲ್ವರು ಕರಿಯ ಯುವಕರು ಮೊದಲು ಜಾಝ್ ಫ್ಯೂಷನ್ ನುಡಿಸುತ್ತಿದ್ದವರು, ಅನಂತರ ಪಂಕ್‌ಗೆ ಬಂದರು. ಅವರ ಬೇಸ್ ವಾದಕ ಡ್ಯಾರಿಲ್ ಜೆನಿಫರ್ ಆ ವೇಗದಲ್ಲಿ ನುಡಿಸುವುದನ್ನು ಕೇಳಿದ ಮೇಲೆ ಸೋಮಾರಿತನ ಎಂಬ ಮಾತು ನಿಮ್ಮ ಬಾಯಿಂದ ಬರಲಾರದು.

ನ್ಯೂಯಾರ್ಕಿನ ಪಂಕ್ ತಂಡ ರಾಮೋನ್ಸ್‌ನ ಬೇಸ್ ಸರಳವೆಂದು ಎಲ್ಲರೂ ಹೇಳುತ್ತಾರೆ. ಸ್ವರಗಳು ಸರಳ, ನಿಜ. ಆದರೆ ನಿಮಿಷಕ್ಕೆ 180 ಬಡಿತಗಳ ಲಯದಲ್ಲಿ, ಬಡಿತಕ್ಕೆ ಎರಡರಂತೆ, ಪ್ರತಿಯೊಂದನ್ನೂ ಮೇಲಿನಿಂದ ಕೆಳಕ್ಕೇ ಮೀಟಬೇಕು. ಸೆಕೆಂಡಿಗೆ ಆರು ಮೀಟು, ಎಲ್ಲವೂ ಒಂದೇ ತೂಕದಲ್ಲಿ. 1977ರ ಡಿಸೆಂಬರ್ 31ರಂದು ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಅವರು ಧ್ವನಿಮುದ್ರಿಸಿದ ಕಾರ್ಯಕ್ರಮದ ಆಲ್ಬಮ್ಮಿನಲ್ಲಿ 28 ಹಾಡುಗಳು ಒಂದು ಗಂಟೆಯೊಳಗೆ ಮುಗಿಯುತ್ತವೆ. ಅವುಗಳಲ್ಲಿ ಹತ್ತನ್ನು ನಿಲ್ಲಿಸದೆ ನುಡಿಸಿ, ಆಮೇಲೆ ನಿಮ್ಮ ಮುಂಗೈಯನ್ನೇ ಅಭಿಪ್ರಾಯ ಕೇಳಿ.

ಸುಮ್ಮನೆ ಓದುವವನು

ನಾನು ಮೂರನೆಯ ಹಾಡಿಗೇ ಸೋತವನು.

ಕೀಬೋರ್ಡ್ ಎಡಗೈ, ಹಾಸನ

ಬೇಸ್ ವಾದಕರಿಗೆ ನಿಜವಾದ ಶತ್ರು ಪಂಕ್ ಅಲ್ಲ, ನಾನು. ಕೋಪಿಸಿಕೊಳ್ಳದೆ ಓದಿ. ರಸಮಂಜರಿಯ ಆಯೋಜಕರು ಖರ್ಚು ತಗ್ಗಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಬೇಸ್‌ಗೆ, ಆ ಕೆಲಸ ನನ್ನ ಎಡಗೈಗೆ ವರ್ಗವಾಗುತ್ತದೆ. ಡ್ರಮ್ಸ್ ಇದ್ದಲ್ಲಿ ರಿದಮ್ ಪ್ಯಾಡ್ ಬಂತು. ಈಗ ಎಷ್ಟೋ ಊರುಗಳಲ್ಲಿ ಮೈನಸ್ ಟ್ರ್ಯಾಕ್ (ಗಾಯನವಿಲ್ಲದ, ಮೊದಲೇ ಮುದ್ರಿಸಿದ ವಾದ್ಯಸಂಗೀತ) ಹಾಕಿ ಗಾಯಕರಷ್ಟೇ ವೇದಿಕೆ ಏರುತ್ತಾರೆ, ನನ್ನ ಎಡಗೈಯೂ ನಿರುದ್ಯೋಗಿಯಾಗಿದೆ.

ಆದರೂ ಒಂದು ಮಾತು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಅವರು ಮಾಡಿದ ಹಾಡುಗಳನ್ನು ಎಡಗೈಯಲ್ಲಿ ನುಡಿಸಲು ಹೊರಟರೆ ನನಗೆ ಬೆವರು ಬರುತ್ತದೆ. ಅಲ್ಲಿ ಬೇಸ್ ಗಾಯಕನ ಹಿಂದೆ ನಡೆಯದೆ ತನ್ನದೇ ಇನ್ನೊಂದು ಹಾಡನ್ನು ಹಾಡಿಕೊಳ್ಳುತ್ತಿರುತ್ತದೆ. ನಾನು ಅದನ್ನು ಅರ್ಧಕ್ಕೆ ಇಳಿಸಿ ನುಡಿಸಿದಾಗ ಸಭಿಕರಿಗೆ ಏನೋ ಕಡಿಮೆಯಾಗಿದೆ ಎಂದು ತಿಳಿಯುತ್ತದೆ, ಯಾವುದು ಕಡಿಮೆಯಾಗಿದೆ ಎಂದು ತಿಳಿಯುವುದಿಲ್ಲ. ಪಂಕ್ ತಂಡಗಳಲ್ಲಿ ಕೀಬೋರ್ಡ್ ಅಪರೂಪ. ನಿಮ್ಮ ಅನ್ನಕ್ಕೆ ಕೈ ಹಾಕಲು ಅಲ್ಲಿ ನನ್ನಂಥವನಿಲ್ಲ, ಸೇರಿಕೊಳ್ಳಲು ಅದೇ ಒಂದು ಕಾರಣ ಸಾಲದೇ?

ನಾಲ್ಕನೇ ತಂತಿ, ಬೆಂಗಳೂರು

ಎಡಗೈಯವರೇ, ನಿಮ್ಮ ಪ್ರಾಮಾಣಿಕತೆಗೆ ಶರಣು. ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇನೆ. ರಸಮಂಜರಿಯಲ್ಲಿ ನನಗೆ ನನ್ನ ವಾದ್ಯವೇ ಕೇಳಿಸುವುದಿಲ್ಲ. ಆಂಪ್ಲಿಫೈಯರ್ ಇರುವುದಿಲ್ಲ, ವಾದ್ಯದ ಕೇಬಲ್ಲನ್ನು ನೇರವಾಗಿ ಡಿ.ಐ. ಎಂಬ ಜೋಡಣೆಯ ಪೆಟ್ಟಿಗೆಗೆ ಸಿಕ್ಕಿಸಿ ಮಿಕ್ಸರ್‌ಗೆ ಕಳಿಸುತ್ತಾರೆ. ವೇದಿಕೆಯ ಮೇಲಿನವರಿಗೆ ಕೇಳಿಸಲೆಂದು ಇರುವ ಮಾನಿಟರ್ ಸ್ಪೀಕರುಗಳೆಲ್ಲ ಗಾಯಕರ ಮುಂದಿರುತ್ತವೆ. ಮೈದಾನದ ಕೊನೆಯಲ್ಲಿ ನಿಂತವನ ಎದೆ ನನ್ನ ಸ್ವರಕ್ಕೆ ಅದುರುತ್ತಿರುತ್ತದೆ, ನಾನು ಮಾತ್ರ ಡ್ರಮ್ಮರನ ಕಾಲು ನೋಡಿಕೊಂಡು ಊಹೆಯ ಮೇಲೆ ನುಡಿಸುತ್ತಿರುತ್ತೇನೆ. ಕಮ್ಮನಹಳ್ಳಿಯ ಆ ಸಣ್ಣ ಕೊಠಡಿಯಲ್ಲಿ ಬಹಳ ದಿನಗಳ ಮೇಲೆ ನನ್ನ ವಾದ್ಯ ನನಗೇ ಕೇಳಿಸಿತು. ಮನಸ್ಸು ಅತ್ತ ಎಳೆಯಲು ಅದೂ ಒಂದು ಕಾರಣ.

ಥೇಮ್ಸ್ ದಡದವಳು, ಲಂಡನ್

ವಾದ್ಯ ಕೇಳಿಸದ ಕಷ್ಟದಿಂದಲೇ ಒಂದು ಶೈಲಿ ಹುಟ್ಟಿದೆ, ಗೊತ್ತೇ? 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಕಾರ್ಯಕ್ರಮ ನೋಡಿದ ಪೀಟರ್ ಹುಕ್ ಮರುದಿನವೇ ಒಂದು ಬೇಸ್ ಗಿಟಾರ್ ಕೊಂಡನು. ಮುಂದೆ ಜಾಯ್ ಡಿವಿಜನ್ ತಂಡದಲ್ಲಿ ಗಿಟಾರಿನ ಅಬ್ಬರದ ನಡುವೆ ತನ್ನ ಬೇಸ್ ತನಗೇ ಕೇಳದೆ ಹೋದಾಗ ಕುತ್ತಿಗೆಯ ಮೇಲ್ಭಾಗಕ್ಕೆ ಹೋಗಿ ತಾರಸ್ವರಗಳನ್ನು ನುಡಿಸತೊಡಗಿದನು. ಇಂದು ಆ ತಂಡದ ಹಾಡುಗಳಲ್ಲಿ ಜನ ಗುನುಗುವುದು ಬೇಸ್‌ನ ಸಾಲುಗಳನ್ನೇ.

ದಿ ಕ್ಲ್ಯಾಷ್ ತಂಡದ ಪಾಲ್ ಸಿಮೊನನ್ ಸೇರಿದಾಗ ಅವನಿಗೆ ಬೇಸ್ ಬರುತ್ತಿರಲಿಲ್ಲ. ಎಲ್ಲಿ ಯಾವ ಸ್ವರವಿದೆ ಎಂದು ತಿಳಿಯಲು ವಾದ್ಯದ ಕುತ್ತಿಗೆಯ ಮೇಲೆ ಬಣ್ಣದಲ್ಲಿ ಅಕ್ಷರ ಬರೆದುಕೊಂಡಿದ್ದನು. ಆದರೆ ಬ್ರಿಕ್ಸ್‌ಟನ್ನಿನಲ್ಲಿ ಜಮೈಕಾದಿಂದ ಬಂದವರ ನಡುವೆ ಬೆಳೆದವನಾದ್ದರಿಂದ ರೆಗೇ ಅವನ ಕಿವಿಯಲ್ಲಿತ್ತು, ರೆಗೇ ಸಂಗೀತದಲ್ಲಿ ಬೇಸ್ ಮುಂದಿನ ಸಾಲಿನ ವಾದ್ಯ. ಆ ಕಾಲದಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಹಾಕಲು ಸಾಕಷ್ಟು ಪಂಕ್ ರೆಕಾರ್ಡುಗಳೇ ಇರಲಿಲ್ಲ. ಅಲ್ಲಿ ಡಿಸ್ಕ್ ಜಾಕಿಯಾಗಿದ್ದ ಡಾನ್ ಲೆಟ್ಸ್ ತಂಡಗಳ ನಡುವಿನ ಬಿಡುವಿನಲ್ಲಿ ರೆಗೇ ಹಾಕುತ್ತಿದ್ದನು, ಅದನ್ನೇ ಕೇಳುತ್ತ ಒಂದು ಪೀಳಿಗೆಯ ಬೇಸ್ ವಾದಕರು ಬೆಳೆದರು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾಲೇಡಿಯಮ್ಮಿನಲ್ಲಿ ಸಭಿಕರನ್ನು ಕುರ್ಚಿ ಬಿಟ್ಟು ಏಳಲು ಕಾವಲಿನವರು ಬಿಡಲಿಲ್ಲವೆಂಬ ಸಿಟ್ಟಿನಲ್ಲಿ ಸಿಮೊನನ್ ಒಡೆದುಹಾಕಿದ ಆ ಬೇಸ್ ಈಗ ಲಂಡನ್ನಿನ ವಸ್ತುಸಂಗ್ರಹಾಲಯದ ಸೊತ್ತಾಗಿದೆ.

ಪಂಕ್ ಕಾಲದಲ್ಲಿ ಬೇಸ್ ಹಿಡಿದು ಮುಂದೆ ಬಂದ ಹೆಣ್ಣುಮಕ್ಕಳನ್ನು ನೀವ್ಯಾರೂ ಹೆಸರಿಸಲಿಲ್ಲ. ಟಾಕಿಂಗ್ ಹೆಡ್ಸ್‌ನ ಟೀನಾ ವೇಮತ್, ದಿ ಅಡ್ವರ್ಟ್ಸ್‌ನ ಗೇ ಅಡ್ವರ್ಟ್, ದಿ ಸ್ಲಿಟ್ಸ್‌ನ ಟೆಸ್ಸಾ ಪಾಲಿಟ್, ದಿ ರೇನ್‌ಕೋಟ್ಸ್‌ನ ಜೀನಾ ಬರ್ಚ್, 1983ರಿಂದ 1985ರವರೆಗೆ ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿದ್ದ ಕೀರಾ ರೋಸ್ಲರ್. ಅಷ್ಟು ಮಂದಿ ಹೆಂಗಸರು ಬೇಸ್ ಹಿಡಿದ ಇನ್ನೊಂದು ರಾಕ್ ಪ್ರಕಾರವನ್ನು ಆ ಕಾಲದಲ್ಲಿ ತೋರಿಸಿ ನೋಡೋಣ. ವರ್ಷಗಟ್ಟಲೆ ಗುರುವಿನ ಎದುರು ಕುಳಿತು ಅನುಮತಿ ಪಡೆಯಬೇಕಾದ ಅಗತ್ಯವಿಲ್ಲದೆ ಹೋದಾಗ ಯಾರು ಯಾರು ಒಳಗೆ ಬಂದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೋಹಪ್ರೇಮಿ

ಯಾರು ಒಳಗೆ ಬಂದರು ಎಂಬುದು ಸಮಾಜಶಾಸ್ತ್ರ, ಏನು ನುಡಿಸಿದರು ಎಂಬುದು ಸಂಗೀತ. ಬೆಂಗಳೂರು ತನ್ನ ಆಯ್ಕೆಯನ್ನು ಎಂದೋ ಮಾಡಿದೆ. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಮೆಟಲ್ (ಭಾರೀ ಅಬ್ಬರದ ರಾಕ್) ತಂಡ ಐರನ್ ಮೇಡನ್ ಬಂದಾಗ, 2011ರ ಅಕ್ಟೋಬರಿನಲ್ಲಿ ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ಸೇರಿದ ಜನವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಐರನ್ ಮೇಡನ್ ತಂಡವನ್ನು ಕಟ್ಟಿದವನೇ ಬೇಸ್ ವಾದಕ ಸ್ಟೀವ್ ಹ್ಯಾರಿಸ್, ಬಹುಪಾಲು ಹಾಡುಗಳೂ ಅವನವೇ, ಅದೂ ಪ್ಲೆಕ್ಟ್ರಮ್ ಎಂಬ ಮೀಟುಬಿಲ್ಲೆಯಿಲ್ಲದೆ ಬೆರಳಿನಿಂದ ನುಡಿಸುತ್ತಾನೆ. ನಮ್ಮ ಊರಿನಲ್ಲಿ ಹೆಸರು ಮಾಡಿದ ಪಂಕ್ ತಂಡಗಳು ಎಷ್ಟಿವೆ? ಕೇಳುಗರಿಗೆ ಬೇಡವಾದ್ದರಿಂದಲೇ ಅವು ಬೆಳೆಯಲಿಲ್ಲ.

ಹುಬ್ಬಳ್ಳಿಯ ಹಾರ್ಮೋನಿ

ಕೇಳುಗರಿಗೆ ಬೇಡವಾಗಿತ್ತು ಎನ್ನಲು ಆಧಾರವೇನು? ನಮ್ಮಲ್ಲಿ ರಾಕ್ ಬೆಳೆದದ್ದು ಕಾಲೇಜು ಉತ್ಸವಗಳ ಸ್ಪರ್ಧೆಗಳಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಟ್ರಾಬೆರಿ ಫೀಲ್ಡ್ಸ್‌ನಂಥ ವೇದಿಕೆಗಳಲ್ಲಿ. ಸ್ಪರ್ಧೆ ಎಂದ ಮೇಲೆ ತೀರ್ಪುಗಾರರು ಇರುತ್ತಾರೆ, ಅವರ ಕಣ್ಣಿಗೆ ಮೊದಲು ಬೀಳುವುದು ಕೈಚಳಕ. ಕ್ಲಿಷ್ಟವಾದ ತಾಳ, ಉದ್ದನೆಯ ಗಿಟಾರ್ ಆಲಾಪ, ಎರಡು ಪೆಡಲಿನ ಡ್ರಮ್ಸ್ ಇದ್ದವರು ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಎರಡು ನಿಮಿಷದ, ಮೂರು ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಾಡು ಹಿಡಿದುಕೊಂಡು ಹೋದವನಿಗೆ ಅಲ್ಲಿ ಯಾವ ಅಂಕ ಸಿಗುತ್ತದೆ? ಮೆಟಲ್ ಬೆಳೆದದ್ದಕ್ಕೆ ಅದರ ಗುಣ ಕಾರಣವಿರಬಹುದು, ಆದರೆ ಪಂಕ್ ಬೆಳೆಯದೆ ಇದ್ದುದಕ್ಕೆ ಪರೀಕ್ಷೆಯ ಪದ್ಧತಿಯೇ ಕಾರಣ ಎಂಬುದು ನನ್ನ ಅಭಿಪ್ರಾಯ. ಮುಂಬಯಿಯಲ್ಲಿ ದಿ ರಯಟ್ ಪೆಡ್ಲರ್ಸ್ ಥರದ ತಂಡಗಳು ಹುಟ್ಟಿದ್ದನ್ನು ನೋಡಿದರೆ ಭಾರತದ ಕಿವಿಗೆ ಪಂಕ್ ಒಗ್ಗುವುದೇ ಇಲ್ಲ ಎನ್ನಲಾಗದು.

ತಮಟೆಯ ತಾಳ, ಕೋಲಾರ

ನೀವೆಲ್ಲ ಲಂಡನ್, ನ್ಯೂಯಾರ್ಕ್ ಎನ್ನುತ್ತಿದ್ದೀರಿ. ರಾಮೋನ್ಸ್ ತಂಡದ ಮೊದಲ ಆಲ್ಬಮ್ ಬಂದದ್ದು 1976ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಸಿದ್ಧಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ ಪ್ರಕಟವಾಗಿತ್ತು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅವರ ಹಾಡುಗಳನ್ನು ಹಾಡಿದವರು ಸಂಗೀತ ಕಲಿತವರಲ್ಲ. ವೇದಿಕೆ ಇರಲಿಲ್ಲ, ಧ್ವನಿವರ್ಧಕ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕೈಯಲ್ಲಿ ತಮಟೆ, ಎದುರಿಗೆ ಊರಿನ ಬೀದಿ. ಶಿಷ್ಟರ ಕಿವಿಗೆ ಅದು ಒರಟಾಗಿ ಕೇಳಿಸಿತು, ಹಾಡಿದವರ ಉದ್ದೇಶವೂ ಅದೇ ಆಗಿತ್ತು. ಅಪ್ಪಣೆ ಕೇಳದೆ ಹಾಡುವುದೇ ಪಂಕ್ ಆದರೆ, ಕನ್ನಡಕ್ಕೆ ಅದನ್ನು ಯಾರೂ ಹಡಗಿನಲ್ಲಿ ತರಬೇಕಾಗಿರಲಿಲ್ಲ. ಕನ್ನಡದಲ್ಲಿ ಹಾಡು ಕಟ್ಟುತ್ತಿರುವ ಆ ಹುಡುಗರು ಇದನ್ನು ಕೇಳಿದ್ದಾರೆಯೇ ಎಂದು ವಿಚಾರಿಸಿ.

ಮಲೆನಾಡಿನ ಮೈಕು

ತಮಟೆಯವರೇ, ನಿಮ್ಮ ಮಾತಿನ ಗೌರವವನ್ನು ಒಪ್ಪುತ್ತಲೇ ಹೋಲಿಕೆಯನ್ನು ಒಪ್ಪಲಾರೆ. ಸೆಕ್ಸ್ ಪಿಸ್ಟಲ್ಸ್ ತಂಡವನ್ನು ನಡೆಸಿದ ಮಾಲ್ಕಮ್ ಮ್ಯಾಕ್‌ಲಾರೆನ್ ಲಂಡನ್ನಿನ ಕಿಂಗ್ಸ್ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವನು. ಆ ಗುಂಪಿನ ಕೆಲವರು ಜನರನ್ನು ಬೆಚ್ಚಿಬೀಳಿಸಲೆಂದು ನಾಜಿ ಚಿಹ್ನೆ ತೊಟ್ಟು ತಿರುಗಿದರು. ಊರಿನ ಬಾವಿಯ ನೀರಿಗಾಗಿ ಹೋರಾಡಿದವರ ಹಾಡನ್ನೂ ಈ ವೇಷವನ್ನೂ ಒಂದೇ ಹೆಸರಿನ ಕೆಳಗೆ ಇಟ್ಟರೆ ದೊಡ್ಡದು ಚಿಕ್ಕದಾಗುತ್ತದೆ.

ಥೇಮ್ಸ್ ದಡದವಳು, ಲಂಡನ್

ಅದೇ ಊರಿನ ಇನ್ನೊಂದು ಮುಖವನ್ನೂ ನೋಡಿ. 1976ರಲ್ಲಿ ಇಲ್ಲಿ ವರ್ಣದ್ವೇಷದ ವಿರುದ್ಧ ರಾಕ್ ಎಂಬ ಚಳವಳಿ ಆರಂಭವಾಯಿತು. 1978ರ ಏಪ್ರಿಲ್ 30ರಂದು ಟ್ರಾಫಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕ್‌ವರೆಗೆ ಮೆರವಣಿಗೆ ನಡೆದು, ಅಲ್ಲಿ ದಿ ಕ್ಲ್ಯಾಷ್ ಮತ್ತು ಎಕ್ಸ್-ರೇ ಸ್ಪೆಕ್ಸ್ ತಂಡಗಳೊಡನೆ ರೆಗೇ ತಂಡ ಸ್ಟೀಲ್ ಪಲ್ಸ್ ಕೂಡ ನುಡಿಸಿತು. ಅಂಗಡಿಯ ಪಂಕ್ ಇತ್ತು, ಬೀದಿಯ ಪಂಕ್ ಕೂಡ ಇತ್ತು. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಬೇಡಿ.

ತಮಟೆಯ ತಾಳ, ಕೋಲಾರ

ಮೈಕಿನವರೇ, ಎರಡೂ ಒಂದೇ ಎಂದು ನಾನು ಹೇಳಲಿಲ್ಲ. ನುಡಿಸಲು ಬಾರದವರು ಎಂಬ ಬೈಗುಳ ಎಲ್ಲೆಡೆಯೂ ಒಂದೇ ಜಾಗದಿಂದ ಬರುತ್ತದೆ ಎಂಬುದು ನನ್ನ ಮಾತಿನ ಅರ್ಥ. ತಮಟೆ ನುಡಿಸುವವನಿಗೂ ಸಂಗೀತಸಭೆಗಳ ಕಡೆಯಿಂದ ಅದೇ ಮಾತು ಬರುತ್ತಿತ್ತು. ಬೆಂಕಿಯಲ್ಲಿ ತಮಟೆ ಕಾಯಿಸಿ, ಚರ್ಮದ ಬಿಗಿ ನೋಡಿ, ಒಂದು ಕೈಯ ದಪ್ಪ ಕೋಲು ಮತ್ತು ಇನ್ನೊಂದು ಕೈಯ ತೆಳು ಕಡ್ಡಿಯಿಂದ ಎರಡು ಲಯ ನಡೆಸುವುದನ್ನು ಆ ಬೈದವರಲ್ಲಿ ಯಾರಾದರೂ ಅರ್ಧ ಗಂಟೆ ಮಾಡಿ ತೋರಿಸಲಿ.

ಲೋಹಪ್ರೇಮಿ

ತಮಟೆ ಕಷ್ಟವೆಂದು ನನಗೆ ತಿಳಿದಿದೆ. ನಾನು ಮಾತನಾಡಿದ್ದು ಮೂರು ಕಾರ್ಡುಗಳ ಬಗ್ಗೆ. ಒಂದು ಕಾರ್ಡು ಇಲ್ಲಿದೆ, ಇನ್ನೊಂದು ಇಲ್ಲಿದೆ, ಮೂರನೆಯದು ಇಲ್ಲಿದೆ, ಈಗ ತಂಡ ಕಟ್ಟು ಎಂದು ಸ್ನಿಫಿನ್ ಗ್ಲೂ ಪತ್ರಿಕೆಯಲ್ಲಿ ಚಿತ್ರ ಹಾಕಿ ಹೇಳಿದವರು ಪಂಕ್‌ನವರೇ.

ಹಳೆಯ ಡ್ರಮ್ಮರ್, ಮೈಸೂರು

ಆ ಚಿತ್ರ ಸ್ನಿಫಿನ್ ಗ್ಲೂ ಪತ್ರಿಕೆಯದಲ್ಲ, ಸೈಡ್‌ಬರ್ನ್ಸ್ ಎಂಬ ಇನ್ನೊಂದು ಕಿರುಪತ್ರಿಕೆಯದು. ಎಲ್ಲರೂ ಇದನ್ನು ತಪ್ಪಾಗಿಯೇ ಹೇಳುತ್ತಾರೆ. ಕಲಿಯಬೇಡಿ ಎಂದು ಅದು ಹೇಳುವುದಿಲ್ಲ, ಎಲ್ಲವನ್ನೂ ಕಲಿತು ಮುಗಿಯುವವರೆಗೆ ಕಾಯಬೇಡಿ ಎನ್ನುತ್ತದೆ.

ಸ್ವರಗಣಿತ, ಶಿವಮೊಗ್ಗ

ಗಿಟಾರಿನವನು ಒತ್ತಿದ್ದನ್ನೇ ಒತ್ತಬೇಕು ಎಂಬ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಪಂಕ್ ಗಿಟಾರ್ ವಾದಕರು ನುಡಿಸುವುದು ಹೆಚ್ಚಾಗಿ ಪವರ್ ಕಾರ್ಡ್. ಅದರಲ್ಲಿ ಷಡ್ಜ ಮತ್ತು ಪಂಚಮ ಮಾತ್ರ ಇರುತ್ತವೆ, ಗಾಂಧಾರವಿರುವುದಿಲ್ಲ. ಡಿಸ್ಟಾರ್ಷನ್ ಹಾಕಿ ಗಿಟಾರಿನ ಧ್ವನಿಯನ್ನು ಒರಟಾಗಿಸಿದಾಗ ಗಾಂಧಾರ ಸೇರಿಸಿದರೆ ಶಬ್ದ ಕೆಸರಾಗುತ್ತದೆ, ಆದ್ದರಿಂದ ಅದನ್ನು ಬಿಡುತ್ತಾರೆ. ಹೀಗಾಗಿ ಆ ಕಾರ್ಡು ಮೇಜರೂ ಅಲ್ಲ, ಮೈನರೂ ಅಲ್ಲ. ಬೇಸ್ ವಾದಕ ಷಡ್ಜದಿಂದ ಹೊರಟು ಅಂತರ ಗಾಂಧಾರವನ್ನು ಮುಟ್ಟಿದರೆ ಹಾಡಿಗೆ ಬೆಳಕು ಬರುತ್ತದೆ, ಸಾಧಾರಣ ಗಾಂಧಾರವನ್ನು ಮುಟ್ಟಿದರೆ ಅದೇ ಗಿಟಾರ್ ಹಠಾತ್ತನೆ ಖಿನ್ನವಾಗಿ ಕೇಳಿಸುತ್ತದೆ. ಗಿಟಾರಿನವನು ಖಾಲಿ ಬಿಟ್ಟ ಜಾಗವನ್ನು ತುಂಬುವ ಅಧಿಕಾರ ಇಡೀ ತಂಡದಲ್ಲಿ ನಿಮಗೂ ಗಾಯಕಿಗೂ ಮಾತ್ರ ಇರುತ್ತದೆ. ಇದನ್ನು ಕೆಲಸವಿಲ್ಲದ ಜಾಗ ಎನ್ನುವುದು ಹೇಗೆ? ರ‍್ಯಾನ್ಸಿಡ್ ತಂಡದ ಮ್ಯಾಟ್ ಫ್ರೀಮನ್ ಏನು ಮಾಡುತ್ತಾನೆ ಎಂದು ಕಿವಿಗೊಟ್ಟು ಕೇಳಿ, ಗಿಟಾರ್ ನಿಂತಲ್ಲೇ ನಿಂತಿದ್ದರೆ ಅವನು ಅದರ ಸುತ್ತ ಓಡಾಡುತ್ತಿರುತ್ತಾನೆ.

ಇನ್ನೊಂದು ವಿಷಯ. ಬೇಸ್‌ನ ದಪ್ಪ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಮೊಬೈಲಿನ ಸ್ಪೀಕರು ಅಷ್ಟು ಕೆಳಗಿನ ಶಬ್ದವನ್ನು ಹೊರಡಿಸಲಾರದು. ಪಂಕ್‌ನವರು ಪ್ಲೆಕ್ಟ್ರಮ್ಮಿನಿಂದ ಬ್ರಿಜ್‌ನ (ತಂತಿಗಳ ಕೆಳತುದಿಯ ಕುದುರೆ) ಹತ್ತಿರ ಗಟ್ಟಿಯಾಗಿ ಮೀಟುವಾಗ ಮೇಲಿನ ಅನುರಣನಗಳು ಎದ್ದು ಬರುತ್ತವೆ, ಅದರಿಂದಲೇ ಆ ಬೇಸ್ ಕೆಟ್ಟ ಸ್ಪೀಕರಿನಲ್ಲೂ ಕೇಳಿಸುತ್ತದೆ. ದಿ ಸ್ಟ್ರ್ಯಾಂಗ್ಲರ್ಸ್‌ನ ಜಾನ್-ಜಾಕ್ ಬರ್ನೆಲ್ ಅವರ ಗೊರಗೊರ ಶಬ್ದ ಇದಕ್ಕೆ ಒಳ್ಳೆಯ ನಿದರ್ಶನ.

ಸುಮ್ಮನೆ ಓದುವವನು

ಪಂಕ್ ವಿಷಯದಲ್ಲಿ ಸಾಧಾರಣ ಗಾಂಧಾರದ ಹೆಸರು ಬಂದದ್ದನ್ನು ಇದೇ ಮೊದಲು ನೋಡುತ್ತಿದ್ದೇನೆ.

ರಾತ್ರಿ ಬಸ್ಸು, ತುಮಕೂರು

ಸ್ವರದ ಮಾತು ಸಾಕು, ಹಣದ ಮಾತಿಗೆ ಬನ್ನಿ. ಪಂಕ್ ಎಂದರೆ ದುಡ್ಡಿಗಾಗಿ ನುಡಿಸುವುದಲ್ಲ ಎಂದ ಆ ಹುಡುಗನಿಗೆ ಪಂಕ್‌ನ ಇತಿಹಾಸ ತಿಳಿದಿಲ್ಲ. ವಾಷಿಂಗ್ಟನ್ನಿನ ಫ್ಯೂಗಾಝಿ ತಂಡ ಟಿಕೆಟಿನ ಬೆಲೆಯನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಟ್ಟಿತು, ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು ಎಂದು ಪಟ್ಟು ಹಿಡಿಯಿತು, ತನ್ನ ರೆಕಾರ್ಡುಗಳನ್ನು ಸದಸ್ಯನೊಬ್ಬ ಸೇರಿ 1980ರಲ್ಲಿ ಸ್ಥಾಪಿಸಿದ್ದ ಡಿಸ್ಕಾರ್ಡ್ ಸಂಸ್ಥೆಯ ಮೂಲಕವೇ ಹೊರತಂದಿತು. ಅವರು ಬಿಟ್ಟಿ ನುಡಿಸಲಿಲ್ಲ. ಕಡಿಮೆ ದರ ಇಟ್ಟು, ಖರ್ಚನ್ನೂ ಕಡಿಮೆ ಇಟ್ಟು, ಲೆಕ್ಕವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋದ ಬೇಸ್ ವಾದಕ ಮೈಕ್ ವಾಟ್ ಮಿನಿಟ್‌ಮೆನ್ ತಂಡದಲ್ಲಿದ್ದಾಗ ವ್ಯಾನ್ ಓಡಿಸುವುದು, ಸಾಮಾನು ಹೊರುವುದು ಎಲ್ಲವನ್ನೂ ತಂಡದವರೇ ಮಾಡುತ್ತಿದ್ದರು. 1985ರಲ್ಲಿ ಗೆಳೆಯ ಡಿ. ಬೂನ್ ಅಪಘಾತದಲ್ಲಿ ತೀರಿಕೊಂಡ ಮೇಲೂ ವಾಟ್ ಅದೇ ಮಿತವ್ಯಯದ ರೀತಿಯಲ್ಲಿ ಪ್ರವಾಸ ಮಾಡುತ್ತ ಬಂದಿದ್ದಾನೆ. ರಾಮೋನ್ಸ್ ಮೊದಲ ಆಲ್ಬಮ್ಮಿಗೆ ತಗಲಿದ ಖರ್ಚು ಸುಮಾರು 6,400 ಡಾಲರ್. 1996ರ ಆಗಸ್ಟಿನಲ್ಲಿ ನಿಲ್ಲಿಸುವ ಹೊತ್ತಿಗೆ ಆ ತಂಡ 2,263 ಕಾರ್ಯಕ್ರಮ ಕೊಟ್ಟಿತ್ತು. ಇವರೆಲ್ಲ ನಿಮ್ಮ ಹಾಗೆಯೇ ನುಡಿಸಿ ಬದುಕಿದ ಕಸುಬುದಾರರು.

ಪಬ್ಬಿನ ಮಾಲೀಕರೊಬ್ಬರು ನಮ್ಮ ತಂಡಕ್ಕೆ, ಸಂಭಾವನೆ ಇಲ್ಲದಿದ್ದರೂ ಪ್ರಚಾರ ಸಿಗುತ್ತದೆ ಎಂದಿದ್ದರು. ಆ ರಾತ್ರಿ ಅವರ ಗಲ್ಲಾಪೆಟ್ಟಿಗೆ ತುಂಬಿತು, ನಾವು ಆಟೋದವನಿಗೆ ರಾತ್ರಿಯ ಒಂದೂವರೆ ಪಟ್ಟು ದರ ಕೊಟ್ಟು ಮನೆಗೆ ಹೋದೆವು. ಬಿಟ್ಟಿ ನುಡಿಸುವುದರಿಂದ ಲಾಭ ಯಾರಿಗೆ ಎಂದು ಮೊದಲು ಕೇಳಿಕೊಳ್ಳಿ. ನೀವು ಐವರೂ ಸಮನಾಗಿ ಖಾಲಿ ಕೈಯಲ್ಲಿ ಹೋಗುವುದಾದರೆ ಒಂದು ಮಾತು, ನಿಮ್ಮ ಖಾಲಿ ಕೈಯಿಂದ ಬೇರೆಯವನ ಜೇಬು ತುಂಬುವುದಾದರೆ ಇನ್ನೊಂದು ಮಾತು.

ಹುಬ್ಬಳ್ಳಿಯ ಹಾರ್ಮೋನಿ

ಪಬ್ಬು ಬೇಡವೆಂದರೆ ಎಲ್ಲಿ ನುಡಿಸುತ್ತಾರೆ ಎಂಬುದೂ ಪ್ರಶ್ನೆಯೇ. 1973ರಲ್ಲಿ ತೆರೆದ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ತಂಡಗಳು ಸ್ವಂತ ಹಾಡುಗಳನ್ನೇ ನುಡಿಸಬೇಕು ಎಂಬ ನಿಯಮವಿತ್ತು. ನಮ್ಮ ಪಬ್ಬುಗಳಲ್ಲಿ ಇದಕ್ಕೆ ತದ್ವಿರುದ್ಧ, ಸ್ವಂತ ಹಾಡು ಶುರುವಾದರೆ ವ್ಯವಸ್ಥಾಪಕರು ಗಡಿಯಾರ ನೋಡುತ್ತಾರೆ. ಆ ಕ್ಲಬ್ ಸಾಧ್ಯವಾದದ್ದು ಬೌರಿ ಬೀದಿಯ ಬಾಡಿಗೆ ಅಂದು ಅಗ್ಗವಾಗಿದ್ದರಿಂದ, 2006ರಲ್ಲಿ ಮುಚ್ಚಿದ್ದೂ ಬಾಡಿಗೆಯ ಜಗಳದಿಂದಲೇ. ಬೆಂಗಳೂರಿನಲ್ಲಿ ಬಾಡಿಗೆಯ ಜೊತೆಗೆ ಪರವಾನಗಿಯೂ ಬೇಕು. ಸಾರ್ವಜನಿಕ ಮನರಂಜನಾ ಸ್ಥಳಗಳ ಕುರಿತ 2005ರ ಆದೇಶವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಬಯಲಿನಲ್ಲಿ ನುಡಿಸೋಣವೆಂದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ, ನಮ್ಮ ಬೀದಿಯಲ್ಲೂ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಎರಡು ನಿಮಿಷದ ಹಾಡುಗಳನ್ನು ಎಂಟೂವರೆಗೆ ಆರಂಭಿಸಿದರೆ ಒಂಬತ್ತೂಕಾಲಿಗೆ ಇಡೀ ಕಾರ್ಯಕ್ರಮವೇ ಮುಗಿಯುತ್ತದೆ. ನಮ್ಮ ಊರಿನ ಕಾನೂನಿಗೆ ಪಂಕ್‌ಗಿಂತ ಹೊಂದುವ ಸಂಗೀತವಿಲ್ಲ!

ವೇದಿಕೆಯ ನಿರ್ವಾಹಕರು

ಲೋಹಪ್ರೇಮಿಯವರ ಮೇಲೆ ವೈಯಕ್ತಿಕವಾಗಿ ಬರೆದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ. ಸಂಗೀತವನ್ನು ಬೈಯಿರಿ, ಕೇಳುಗರನ್ನು ಬೈಯಬೇಡಿ.

ನಾಲ್ಕನೇ ತಂತಿ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ನಿನ್ನೆ ಆ ಹುಡುಗರೊಡನೆ ಕುಳಿತು ಮಾತನಾಡಿದೆ. ರಾತ್ರಿ ಬಸ್ಸಿನವರು ಹೇಳಿದ್ದನ್ನು ಹಿಡಿದುಕೊಂಡು ನನ್ನ ಮಾತುಗಳನ್ನು ಮುಂದಿಟ್ಟೆ. ಬಾಗಿಲಲ್ಲಿ ಸಂಗ್ರಹವಾದ ಹಣದಲ್ಲಿ ಕೊಠಡಿಯ ಬಾಡಿಗೆ ಕಳೆದು ಉಳಿದದ್ದು ಐವರಿಗೂ ಸಮಪಾಲು. ಊಟ, ಪಾನೀಯ ಮಾರುವ ಜಾಗದಲ್ಲಿ ನುಡಿಸುವುದಾದರೆ ಮೊದಲೇ ಬರಹದಲ್ಲಿ ಸಂಭಾವನೆ ಗೊತ್ತಾಗಿರಬೇಕು. ಹೋರಾಟದ ಸಭೆಗಳಿಗೆ ಬಿಟ್ಟಿ ನುಡಿಸಲು ನನ್ನ ಒಪ್ಪಿಗೆಯಿದೆ. ಸಂಬಳದ ಕೆಲಸ ಬಂದ ದಿನ ನಾನು ಅದಕ್ಕೇ ಹೋಗುತ್ತೇನೆ. ಸಮಪಾಲಿಗೆ ತಕ್ಷಣ ಒಪ್ಪಿದರು, ಬರಹದ ವಿಷಯದಲ್ಲಿ ಸ್ವಲ್ಪ ಮುಖ ಗಂಟಿಕ್ಕಿ ಒಪ್ಪಿದರು. ಕೊನೆಯದಕ್ಕೆ ಮಾತ್ರ ಜಗಳವಾಯಿತು. ರಸಮಂಜರಿಗಾಗಿ ತಂಡದ ಕಾರ್ಯಕ್ರಮ ತಪ್ಪಿಸುವುದು ಬದ್ಧತೆಯ ಕೊರತೆ ಎಂದು ಗಿಟಾರಿನವನು ಹೇಳಿದನು. ನಿನ್ನ ಕಾಲೇಜು ಶುಲ್ಕವನ್ನು ಯಾರು ಕಟ್ಟುತ್ತಾರೆ ಎಂದು ಕೇಳಿದೆ. ಗಾಯಕಿ ನಕ್ಕಳು, ಅವನು ನಗಲಿಲ್ಲ. ಆ ಹುಡುಗಿಗೆ ಸಿದ್ಧಲಿಂಗಯ್ಯನವರ ಹಾಡುಗಳು ಬಾಯಿಪಾಠವಾಗಿವೆ, ತಮಟೆಯವರಿಗೆ ತಿಳಿಸಬೇಕೆನಿಸಿತು.

ತಮಟೆಯ ತಾಳ, ಕೋಲಾರ

ಹಾಗಾದರೆ ಅವಳ ಮಾತಿಗೆ ತಂಡದಲ್ಲಿ ತೂಕವಿರಲಿ. ತಾರೀಖು ಗೊತ್ತಾದಾಗ ತಿಳಿಸಿ, ಕೋಲಾರದಿಂದ ರೈಲಿದೆ.

ಲೋಹಪ್ರೇಮಿ

ನಾನೂ ಬರುತ್ತೇನೆ, ಟಿಕೆಟ್ ಕೊಂಡೇ ಬರುತ್ತೇನೆ, ಇಷ್ಟವಾಗದಿದ್ದರೆ ಇಲ್ಲಿಗೇ ಬಂದು ಬರೆಯುತ್ತೇನೆ.

ಹಳೆಯ ಡ್ರಮ್ಮರ್, ಮೈಸೂರು

ಹೋಗುವ ಮುನ್ನ ಎರಡು ಸಲಹೆ. ರಾಮೋನ್ಸ್‌ನ ಬೇಸ್ ವಾದಕ ಡೀ ಡೀ ರಾಮೋನ್‌ನಂತೆ ವಾದ್ಯವನ್ನು ಮೊಣಕಾಲಿನವರೆಗೆ ಇಳಿಬಿಡಬೇಡಿ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಮಣಿಕಟ್ಟು ಮಡಿಸಿಕೊಂಡು ಆ ವೇಗದಲ್ಲಿ ಮೀಟಿದರೆ ಸ್ನಾಯುಗಳು ಊದಿಕೊಳ್ಳುತ್ತವೆ, ಆಮೇಲೆ ನವೆಂಬರಿನ ಸಂಪಾದನೆಯೂ ಇಲ್ಲ. ಎರಡನೆಯದಾಗಿ, ಆ ಸಣ್ಣ ಕೊಠಡಿಯಲ್ಲಿ ಸಿಂಬಲ್‌ಗಳ ಪಕ್ಕದಲ್ಲಿ ನಿಲ್ಲುವುದಾದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ನನ್ನ ಎಡಗಿವಿಯಲ್ಲಿ ಯಾವಾಗಲೂ ಕೂಗುವ ಶಬ್ದಕ್ಕೆ ಔಷಧವಿಲ್ಲವೆಂದು ವೈದ್ಯರು ಹೇಳಿದ್ದಾರೆ.

ರಾತ್ರಿ ಬಸ್ಸು, ತುಮಕೂರು

ಕೊನೆಯ ಷರತ್ತಿನ ಜಗಳಕ್ಕೆ ಒಂದು ದಾರಿಯಿದೆ. ನೀವು ಇಲ್ಲದ ದಿನ ಬೇಸ್ ಹಿಡಿಯಲು ಆ ಗಾಯಕಿಗೇ ಕಲಿಸಿ. ಹಾಡುತ್ತಲೇ ಮೂಲಸ್ವರಗಳನ್ನು ಎಂಟೆಂಟಾಗಿ ಮೀಟುವುದನ್ನು ಆಷಾಢದ ಬಿಡುವಿನಲ್ಲಿ ಅಭ್ಯಾಸ ಮಾಡಿಸಬಹುದು, ಸಿಮೊನನ್ ಮಾಡಿದಂತೆ ಕುತ್ತಿಗೆಯ ಮೇಲೆ ಸ್ವರದ ಹೆಸರುಗಳನ್ನು ಬರೆದುಕೊಟ್ಟರೂ ತಪ್ಪಿಲ್ಲ. ನಿಮ್ಮ ಗಾಂಧಾರಗಳು ಆ ದಿನ ಇರುವುದಿಲ್ಲ, ಕಾರ್ಯಕ್ರಮ ಮಾತ್ರ ನಿಲ್ಲುವುದಿಲ್ಲ. ಆದರೆ ವಾದ್ಯ ಅವಳದೇ ಆಗಿರಲಿ. ನಿಮ್ಮ ಬೇಸ್ ಅನ್ನು ಕೊಟ್ಟುಕಳಿಸಬೇಡಿ, ಒಂದು ಜೊತೆ ತಂತಿಗೆ ಈಗ ಎಷ್ಟು ಬೆಲೆಯೆಂದು ನಿಮಗೇ ಗೊತ್ತಿದೆ.